ಮುಗಿಯದ ರೋಲು

“ಉಳದದ್ದು ಏನರೆ ಮಾರ್ಕೋರಿ, ಆದ್ರ ಅದೊಂದಕ್ಕ ಕೈ ಹಚ್ಚಬ್ಯಾಡ್ರಿ,” ಎಂದಳು ಸುಮಿತ್ರಾಬಾಯಿ.

ಹೇಳಿದವಳು ಬಾಗಿಲಾಚೆಯೇ ನಿಂತಿದ್ದಳು. ಮೈಂದರ್ಗಿಯ ಆ ಫೋಟೋ ಸ್ಟುಡಿಯೋ ಅವಳ ಗಂಡನದು, ಅದರ ಹಿಂದಿನ ಮನೆಯಲ್ಲೇ ಅವಳು ನಲವತ್ತು ವರ್ಷ ಒಲೆ ಉರಿಸಿದ್ದಳು. ಆದರೂ ಕತ್ತಲೆಕೋಣೆಯ ಹೊಸ್ತಿಲು ದಾಟಲು ಅವಳಿಗೆ ಕಾಲು ಬರಲಿಲ್ಲ. ಒಳಗೆ ಅಳಿಯ ಯೋಗಿರಾಜ ನೆಲದ ಮೇಲೆ ಕೂತು ಸತ್ತ ಮಾವನ ಕಬ್ಬಿಣದ ಟ್ರಂಕಿಗೆ ಕೈ ಹಾಕಿದ್ದ. ಕಿಟಕಿಯಿಲ್ಲದ ಕೋಣೆ. ಡಾಂಬರಗುಳಿಗೆ, ಇಲಿಯ ಹಿಕ್ಕೆ, ಬೂಸಲು ಹಿಡಿದ ಚರ್ಮ, ಇವೆಲ್ಲದರ ಕೆಳಗೆ ಇನ್ನೊಂದು ಹುಳಿ ವಾಸನೆ, ಫೋಟೋ ತೊಳೆಯುವ ನೀರಿನದು. ಅಲ್ಲಿ ಫೋಟೋ ತೊಳೆಯುವುದು ನಿಂತು ಮೂವತ್ತು ವರ್ಷವಾಗಿತ್ತು. ವಾಸನೆ ಮಾತ್ರ ಗೋಡೆ ಬಿಟ್ಟಿರಲಿಲ್ಲ.

ಯೋಗಿರಾಜ ಸೋಲಾಪುರದ ಬಾಳಿವೇಸಿನವನು. ಮನೆತನದ್ದು ಚಾದರದ ವ್ಯಾಪಾರ. ಗಾದಿಯ ಮೇಲೆ ಕೂತು ಗಿರಾಕಿಗೆ ಚಹಾ ಹೇಳುವುದು ಬೇಸರವಾಗಿ ಕ್ಯಾಮರಾ ಹಿಡಿದವನು, ಈಗ ಅಕ್ಕಲಕೋಟೆಯ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಸ್ವಂತ ಸ್ಟುಡಿಯೋ ಇಟ್ಟಿದ್ದ. ಮದುವೆ, ನಾಮಕರಣ, ಸ್ವಾಮಿಗಳ ದರ್ಶನಕ್ಕೆ ಬಂದವರ ಕುಟುಂಬದ ಫೋಟೋ, ಎಲ್ಲವೂ ಡಿಜಿಟಲ್. ಫಿಲ್ಮ್ ರೋಲನ್ನು ಅವನು ಕೈಯಲ್ಲಿ ಹಿಡಿದವನೇ ಅಲ್ಲ. ಮಾವ ಮಲಕಾಜಪ್ಪ ಹಳೆಯ ಕಾಲದ ಫೋಟೋಗ್ರಾಫರ್. ಹದಿನೇಳು ವರ್ಷ ಕುರುಡನಾಗಿ ಬದುಕಿ, ಹೋದ ದೀಪಾವಳಿಯ ಮುಂದೆ ತೀರಿಕೊಂಡಿದ್ದ. ಸಕ್ಕರೆ ಕಾಯಿಲೆ ಕಣ್ಣು ತಿಂದಿತೆಂದು ಅಳಿಯ ನಂಬಿದ್ದ. ಬೇರೆ ಮಾತು ಅವನಿಗೆ ಯಾರೂ ಹೇಳಿರಲಿಲ್ಲ.

ಈ ಸಾಮಾನು ಮಾರಬೇಕೋ ಬೇಡವೋ ಎಂದು ಗಂಡ ಹೆಂಡಿರ ನಡುವೆ ತಿಂಗಳಿಂದ ಜಗ್ಗಾಟ ನಡೆದಿತ್ತು. ಅಪ್ಪನ ಕೈ ಆಡಿದ ಒಂದಾದರೂ ಕ್ಯಾಮರಾ ಮನೆಯಲ್ಲಿರಲಿ ಎಂದು ಹೆಂಡತಿ ಉಜ್ವಲಾ. ರೋಲು ಸಿಗದ ಕಾಲದಲ್ಲಿ ಕಪಾಟಿನಲ್ಲಿಟ್ಟು ಊದುಬತ್ತಿ ಬೆಳಗೋಣವೇನು ಎಂದು ಇವನು. ಈಗಿನ ಹುಡುಗರಿಗೆ ಹಳೆಯ ಫಿಲ್ಮ್ ಕ್ಯಾಮರಾದ ಹುಚ್ಚು ಮತ್ತೆ ಹತ್ತಿದೆ, ಹುಚ್ಚು ಇಳಿಯುವ ಮುಂಚೆ ದಾಟಿಸಿಬಿಡಬೇಕು ಎನ್ನುವುದು ಅವನ ವ್ಯಾಪಾರಿ ಬುದ್ಧಿ. ಮನೆತನ ಬಿಟ್ಟರೂ ಮನೆತನದ ಗುಣ ಬಿಟ್ಟೀತೇ?

ಟ್ರಂಕಿನಲ್ಲಿ ಮೂರು ಕ್ಯಾಮರಾ ಇದ್ದವು. ಎರಡು ಬರೀ ಧೂಳು ತಿಂದಿದ್ದವು. ಮೂರನೆಯದು ಕರೀ ಬಟ್ಟೆಯಲ್ಲಿತ್ತು. ಮೇಲೆ ಸಣ್ಣ ಮಕ್ಕಳ ನಡುವಿಗೆ ಕಟ್ಟುವ ಕರಿ ಉಡುದಾರ, ಅದಕ್ಕೆ ಏಳು ಗಂಟು, ಗಂಟಿನ ನಡುವೆ ಸೂಜಿ ಚುಚ್ಚಿದ, ಒಣಗಿ ಕಲ್ಲಾದ ಒಂದು ಲಿಂಬೆಹಣ್ಣು. ಯೋಗಿರಾಜನಿಗೆ ನಗು ಬಂತು. ಲಾರಿಯವರೇ ವಾರಕ್ಕೊಮ್ಮೆ ಲಿಂಬೆಹಣ್ಣು ಬದಲಿಸುತ್ತಾರೆ, ಮಾವ ಒಂದರಲ್ಲೇ ಹದಿನೇಳು ವರ್ಷ ನಡೆಸಿದ್ದಾನಲ್ಲ ಎಂದು ಅತ್ತೆಯನ್ನು ಕೇಳಿದ.

ಅವಳು ನಗಲಿಲ್ಲ. “ಅದರಾಗ ರೋಲ್ ಅದ. ಮುಗದಿಲ್ಲ. ನಮ್ಮವರ ಕಣ್ಣ ಅದ ತಿಂತು,” ಎಂದಳು. ಹೆಚ್ಚಿಗೆ ಹೇಳದೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಹೇಳುವುದಿದ್ದರೆ ಪೂರಾ ಹೇಳಬೇಕಿತ್ತು. ಅಡ್ಡಗೋಡೆಯ ಮೇಲೆ ದೀಪವಿಟ್ಟರೆ ಯಾರಿಗೆ ಬೆಳಕಾದೀತು? ಆದರೆ ಬಾಯಿ ಬಿಟ್ಟರೆ ಅದು ಎಚ್ಚರವಾದೀತೆಂದು ಆ ಮುದುಕಿ ಹೆದರಿದ್ದಳು, ಅವಳನ್ನೂ ಬೈಯುವಂತಿಲ್ಲ. ಯೋಗಿರಾಜ ಬ್ಲೇಡಿನಿಂದ ಉಡುದಾರ ಕತ್ತರಿಸಿದ. ಲಿಂಬೆಹಣ್ಣು ಉರುಳಿ ಟ್ರಂಕಿನ ಅಡಿಗೆ ಹೋಯಿತು. ಹುಳಿ ವಾಸನೆ ಗಪ್ಪನೆ ಮೂಗಿಗೆ ಅಡರಿತು.

ಮರುದಿನ ಅಕ್ಕಲಕೋಟೆಯ ಮನೆಯಿಂದ ಮೂರೂ ಕ್ಯಾಮರಾಗಳ ಚಿತ್ರ ಫೋನಿನಲ್ಲಿ ಹಾಕಿದ. ತಾಸಿನೊಳಗೆ ಸೋನಾಲಿ ಎಂಬ ಹುಡುಗಿಯಿಂದ ಸುದ್ದಿ ಬಂತು. ಸೋಲಾಪುರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅವಳಿಗೆ ಬೇಕಾದದ್ದು ಆ ಮೂರನೆಯದೇ. ಬಟನ್ ಒತ್ತಿದರೆ ಕೆಲಸ ಮಾಡುತ್ತದೆಯೇ ಎಂದು ಕೇಳಿದ್ದಳು.

ನೋಡಿದರಾಯಿತೆಂದು ಯೋಗಿರಾಜ ಕ್ಯಾಮರಾ ಹಿಡಿದು ಮಾಳಿಗೆಗೆ ಹೋದ. ಎಷ್ಟು ಫೋಟೋ ಆಗಿವೆ ಎಂದು ತೋರಿಸುವ ಕಿಂಡಿಯಲ್ಲಿ ಒಂದು ಎಂದಿತ್ತು. ಮೂವತ್ತಾರರ ರೋಲಿನಲ್ಲಿ ಒಂದೇ. ಬೆಳಗಿನ ಹತ್ತರ ಬಿಸಿಲಲ್ಲಿ ಉಜ್ವಲಾ ಹಳೆ ಸೀರೆ ಹಾಸಿ ಕೆಂಪು ಮೆಣಸಿನಕಾಯಿ ಹರವುತ್ತಿದ್ದಳು. ಕರೆದ. ಅವಳು ಹಣೆಗೆ ಕೈ ಅಡ್ಡ ಹಿಡಿದು ತಿರುಗಿ, ಮಾರೋ ಹೊತ್ತಿಗೆ ನನ್ನ ನೆನಪಾಯಿತೇನು ಎಂದು ನಕ್ಕಳು. ಒತ್ತಿದ. ಕಟಕ್ ಎಂದಿತು, ಹಲ್ಲಿನಲ್ಲಿ ಹರಳು ಸಿಕ್ಕಿದಂತೆ. ಕಿಂಡಿಯಲ್ಲಿ ಎರಡು ಬಂತು.

ಇನ್ನೊಂದು ತೆಗೆಯಲು ಹೋದರೆ ಬಟನ್ ಕೆಳಗಿಳಿಯಲಿಲ್ಲ. ಮೆಣಸಿನಕಾಯಿಗೆ ಹಿಡಿದ, ಇಲ್ಲ. ದೂರದ ಗುಡಿಯ ಶಿಖರಕ್ಕೆ ಹಿಡಿದ, ಇಲ್ಲ. ಜಂಗು ಹಿಡಿದಿದೆ ಎಂದುಕೊಂಡ. ಇಷ್ಟು ಬಿಸಿಲಿನಲ್ಲಿ, ಇಷ್ಟು ಮೆಣಸಿನ ಘಾಟಿನಲ್ಲಿ, ಆ ಹುಳಿ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಮಾತ್ರ ತಿಳಿಯಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಉಜ್ವಲಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. “ಕರೆಂಟ್ ಹೋತೇನ್ರಿ?” ಎಂದಳು. ಎದುರಿನ ಕಿಟಕಿಯಿಂದ ಬಿಸಿಲು ನೇರ ಅವಳ ತಾಟಿನ ಮೇಲೆ ಬಿದ್ದಿತ್ತು. ಚೇಷ್ಟೆ ಮಾಡುತ್ತಿದ್ದಾಳೆಂದು ಅವನು ನಕ್ಕ. ಹೊತ್ತು ಮುಳುಗುವುದರೊಳಗೆ ಅವಳು ಗೋಡೆ ತಡವುತ್ತಿದ್ದಳು.

ಸೋಲಾಪುರದ ಕಣ್ಣಿನ ಡಾಕ್ಟರು ಎಲ್ಲ ಯಂತ್ರಗಳನ್ನೂ ಅವಳ ಮುಖಕ್ಕೆ ಹಚ್ಚಿದರು. ಕಣ್ಣು ಬರೋಬರಿ ಇವೆ, ನರ ಸರಿ ಇದೆ, ಮನಸ್ಸಿನ ತ್ರಾಸವಿರಬಹುದು ಎಂದರು. ತೋರಿಸಲಿಕ್ಕೆಂದು ಯೋಗಿರಾಜ ಫೋನಿನಲ್ಲಿ ಅವಳ ಚಿತ್ರ ತೆಗೆದ. ಆಸ್ಪತ್ರೆಯ ಗೋಡೆ, ಕುರ್ಚಿ, ಅವಳ ಸೀರೆಯ ಅಂಚು, ಕೊರಳ ತಾಳಿ, ಎಲ್ಲವೂ ಸ್ವಚ್ಛವಾಗಿ ಬಂದಿದ್ದವು. ಮುಖವಿರುವಲ್ಲಿ ಹಿಡಿಯಷ್ಟು ಕತ್ತಲೆ. ಮನೆಗೆ ಬಂದು ತನ್ನ ದೊಡ್ಡ ಕ್ಯಾಮರಾದಲ್ಲಿ ತೆಗೆದ. ನೂರು ತೆಗೆದ. ಹಳೆಯ ಚಿತ್ರಗಳನ್ನು ತೆರೆದು ನೋಡಿದ. ತನ್ನ ಮದುವೆಯ ಆಲ್ಬಮಿನಲ್ಲೂ ಬಾಸಿಂಗದ ಕೆಳಗೆ ಕತ್ತಲೆಯೇ ಇತ್ತು. ಅಂದು ಅವನು ಮೊದಲ ಸಲ ಹೆದರಿದ.

ಮೂರನೆಯ ದಿನ ಅವಳ ಮೈ ತಣ್ಣಗಾಗತೊಡಗಿತು. ಎಡಗೈ ಅರ್ಧ ಮುಚ್ಚಿಕೊಂಡಿತ್ತು, ಒಳಗೆ ಏನೋ ಇದ್ದಂತೆ. ಬಿಡಿಸಲು ಹೋದರೆ ಬರಲಿಲ್ಲ.

“ಯಾರದರಿ ಈ ಕೂಸ?” ಎಂದು ಕೇಳಿದಳು. “ನನ್ನ ಬೆರಳ ಬಿಡವಲ್ದು. ಅವ್ವ ಬಂದಾಳೇನು, ಅವ್ವ ಬಂದಾಳೇನು ಅಂತದ.”

ಆ ಹಗಲೇ ಅವನು ಮೈಂದರ್ಗಿಗೆ ಓಡಿ ಅತ್ತೆಯ ಕಾಲು ಹಿಡಿದ. ಮಗಳಿಗೆ ಹೀಗಾಗಿದೆ ಎಂದು ಕೇಳಿ ಸುಮಿತ್ರಾಬಾಯಿ ಅವನೆದುರು ನೆಲದ ಮೇಲೆ ಕೂತಳು. ಆಮೇಲೆ ಇಷ್ಟು ವರ್ಷ ಮಗಳಿಗೂ ಹೇಳದೆ ನುಂಗಿಕೊಂಡದ್ದನ್ನು ಹೇಳಿದಳು.

ಆ ಸೀಮೆಯ ಒಕ್ಕಲುಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸುತ್ತಾರೆ, ವಿಭೂತಿ ಬಳಿದು ಹೂವೇರಿಸುತ್ತಾರೆ, ಮಣ್ಣಿಗೆ ಒಯ್ಯುವ ಮೊದಲು ಒಂದು ಫೋಟೋ ತೆಗೆಸುತ್ತಾರೆ. ಹತ್ತೊಂಬತ್ತು ವರ್ಷದ ಹಿಂದೆ ನಾಗಣಸೂರಿನ ದ್ರೌಪದಿಯ ಐದು ವರ್ಷದ ಮಗ ಅಪ್ಪು ಎರಡೇ ದಿನದ ಜ್ವರದಲ್ಲಿ ಹೋದ. ಬದುಕಿದ್ದಾಗ ಅವನದೊಂದು ಫೋಟೋ ತೆಗೆದಿರಲಿಲ್ಲ. ಮಲಕಾಜಪ್ಪ ಅಂದೇ ಹೊಸ ರೋಲು ಹಾಕಿಕೊಂಡು ಹೋಗಿ, ಕುರ್ಚಿಗೆ ಕಟ್ಟಿ ಕೂಡಿಸಿದ ಕೂಸಿನದೊಂದು ಫೋಟೋ ತೆಗೆದ. ಒಂದೇ. ಆಗ ರೋಲು ತೊಳೆಯಲು ಸೋಲಾಪುರಕ್ಕೆ ಕಳಿಸಬೇಕು. ಒಂದು ಫೋಟೋಕ್ಕಾಗಿ ಇಡೀ ರೋಲು ಕೆಡಿಸುವ ಫೋಟೋಗ್ರಾಫರ್ ಯಾವ ಊರಲ್ಲೂ ಇರಲಿಲ್ಲ. ರೋಲು ಮುಗಿಯಲಿ, ಕೊಡುತ್ತೇನೆ ಎಂದ. ದ್ರೌಪದಿ ವಾರಕ್ಕೊಮ್ಮೆ ಬಂದಳು. ಮುಗಿದಿಲ್ಲ ಎಂದ. ಅಷ್ಟರಲ್ಲಿ ಅವನು ಡಿಜಿಟಲ್ ಕ್ಯಾಮರಾ ಕೊಂಡ. ಹೊಸದರ ಸಂಭ್ರಮದಲ್ಲಿ ಹಳೆಯದು ಕಪಾಟು ಸೇರಿತು, ರೋಲು ಹೊಟ್ಟೆಯಲ್ಲೇ ಉಳಿಯಿತು. ಅವಳು ಬರುತ್ತಲೇ ಇದ್ದಳು, ಇವನು ಅದೇ ಮಾತು ಹೇಳುತ್ತಲೇ ಇದ್ದ. ನೆಪಕ್ಕೂ ನಾಚಿಕೆಯಿರಬೇಕು. ಮಲಕಾಜಪ್ಪನಿಗಿರಲಿಲ್ಲ.

ಒಂದು ಅಮಾವಾಸ್ಯೆಯ ಮರುದಿನ ಕ್ಯಾಮರಾದ ಮೇಲೆ ಆ ಉಡುದಾರ ಇತ್ತು. ಮಲಕಾಜಪ್ಪ ಬೈದುಕೊಂಡು, ರೋಲನ್ನೇ ಕಿತ್ತೊಗೆಯುತ್ತೇನೆಂದು ಹಿಂದಿನ ಬಾಗಿಲನ್ನು ಉಗುರಿನಷ್ಟು ತೆರೆದ. ಒಳಗಿನಿಂದ ಒಂದು ಕೂಸು ಚೀರಿತು. ಅದೇ ಗಳಿಗೆ ಅವನ ಕಣ್ಣು ಹೋದವು.

ನಾಗಣಸೂರಿನಲ್ಲಿ ದ್ರೌಪದಿ ಇನ್ನೂ ಇದ್ದಳು. ದೊಡ್ಡ ಮನೆ, ಅಂಗಳದ ತುಂಬ ತೊಗರಿಯ ರಾಶಿ. ಯೋಗಿರಾಜ ಯಾರ ಅಳಿಯನೆಂದು ಹೇಳುತ್ತಲೇ ಅವಳು ರಾಶಿಯಿಂದ ಕೈ ತೆಗೆದು, ಅವನನ್ನು ಪಡಸಾಲೆಯಲ್ಲಿ ಕೂಡಿಸಿದಳು. ಕೂದಲು ಬೆಳ್ಳಗಾಗಿತ್ತು. ದನಿ ಏರಲಿಲ್ಲ.

“ಒಂದ ಫೋಟೋ ಕೇಳಿದ್ದೆ,” ಎಂದಳು. “ರೋಲ್ ಮುಗದಿಲ್ಲ, ರೋಲ್ ಮುಗದಿಲ್ಲ. ಕಡೀಕ ನಾನೂ ಅದ ಅಂದೆ. ಮುಗೀಲಿ, ನಿಮ್ಮವರಿಂದನ ಮುಗೀಲಿ, ನನ್ನ ಕೂಸಿಗೆ ಆ ಕತ್ತಲದಾಗ ಜೊತಿ ಆಗಲಿ ಅಂದೆ.”

ಭೀಮಾ ನದಿಯ ದಂಡೆಯ ಮಾಟಗಾರನೊಬ್ಬ ಅದನ್ನು ಮಾಡಿಕೊಟ್ಟಿದ್ದ. ಉಡುದಾರವನ್ನು ಅವಳೇ ಮಗನ ನಡುವಿನಿಂದ ಬಿಚ್ಚಿಟ್ಟುಕೊಂಡಿದ್ದಳು. ಮಲಕಾಜಪ್ಪ ಊಟಕ್ಕೆದ್ದ ಹೊತ್ತು ಸ್ಟುಡಿಯೋಕ್ಕೆ ಹೋಗಿ ಅವಳೇ ಕಟ್ಟಿದಳು. ಮಾಟಗಾರ ಈಗ ಇಲ್ಲ. ಅವನ ಮಾಟ ಬಿಚ್ಚುವವರೂ ಇಲ್ಲ ಎಂದಳು. ಕ್ಯಾಮರಾ ಒಡೆದರೆ ಒಳಗಿದ್ದವರು ಒಡೆಯುತ್ತಾರೆ, ಬಾವಿಗೆ ಹಾಕಿದರೆ ಮುಳುಗುತ್ತಾರೆ. ಒಂದು ಮುಖಕ್ಕೆ ಒಂದೇ ಜಾಗ. ಮುಖವಲ್ಲದ್ದನ್ನು ಅದು ಹಿಡಿಯುವುದಿಲ್ಲ. ಬಟನ್ ಒತ್ತಿದವರನ್ನು ಎಂದೂ ಒಯ್ಯುವುದಿಲ್ಲ. ಮೂವತ್ತಾರೂ ತುಂಬಿದ ದಿನ ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಬಾಗಿಲು ತೆರೆದೀತು. ಆಗ ಹೊರಗಿನವರು ಯಾರ ಹೆಸರು ಕರೆಯುತ್ತಾರೋ ಅವರೊಬ್ಬರು ಬಂದಾರು.

ಹಾಗಿದ್ದರೆ ನೀನೇಕೆ ತುಂಬಿಸಿ ಮಗನನ್ನು ಕರೆಯಲಿಲ್ಲ ಎಂದು ಅವನು ಕೇಳಿದ.

“ಇನ್ನ ಮೂವತ್ತೈದು ಮನ್ಯಾಗ ನನ್ನಂಥಾಕಿ ಒಬ್ಬಾಕಿ ಕೂಡಬೇಕಿತ್ತು. ನನ್ನ ಕೈಲೆ ಆಗಲಿಲ್ರಿ. ನಿಮ್ಮ ಕೈಲೂ ಆಗೂದು ಬ್ಯಾಡ.” ಆಮೇಲೆ ಕೇಳಿದಳು, “ಅಳ್ತಾನೇನ್ರಿ ಅವ?”

ಇಲ್ಲ, ಉಜ್ವಲಾಳ ಬೆರಳು ಹಿಡಿದುಕೊಂಡಿದ್ದಾನೆ ಎಂದ. ದ್ರೌಪದಿ ತೊಗರಿಯ ಧೂಳಿನ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತಳು.

ಮನೆಗೆ ಬಂದು ಅವನು ಕನ್ನಡಿಯ ಮುಂದೆ ನಿಂತು ಕ್ಯಾಮರಾವನ್ನು ತನ್ನ ಮುಖಕ್ಕೇ ಹಿಡಿದ. ಬಟನ್ ಕಲ್ಲಾಗಿತ್ತು. ಎರಡೂ ಹೆಬ್ಬೆರಳಿಟ್ಟು ಒತ್ತಿದ, ಉಗುರಲ್ಲಿ ರಕ್ತ ಬಂತು. ಸುಮಿತ್ರಾಬಾಯಿ ಮಗಳ ಬಳಿ ಇರಲು ಬಂದಿದ್ದಳು. ಅವಳು ಎದುರಿಗೆ ಬಂದು ಚಾಪೆಯ ಮೇಲೆ ಕೂತು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, “ನಂದು ತಗೀರಿ,” ಎಂದಳು. ಒಬ್ಬಳಿಂದ ಏನಾದೀತು? ಇನ್ನೂ ಮೂವತ್ತನಾಲ್ಕು ಬೇಕಿತ್ತು. ಅವನು ಕ್ಯಾಮರಾ ಕೆಳಗಿಟ್ಟ. ಆ ಕ್ಷಣದಲ್ಲಿ ಅವನ ತಲೆಯಲ್ಲಿ ಮೂವತ್ತನಾಲ್ಕು ಎಂಬ ಲೆಕ್ಕ ಕೂತಿತು, ಆಮೇಲೆ ಏಳಲಿಲ್ಲ.

ಅವನು ಮದುವೆಯ ಫೋಟೋಗ್ರಾಫರ್. ಮುಖಗಳಿಗೆ ಅವನಲ್ಲಿ ಬರಗಾಲವೇ? ಮರುದಿನ ಒಂದು ಲಗ್ನವಿತ್ತು, ಆ ಕ್ಯಾಮರಾ ಚೀಲದಲ್ಲಿಟ್ಟುಕೊಂಡು ಹೋದ. ಅಕ್ಷತೆಗೆ ನಿಂತ ಮಂದಿಯ ಕಡೆ ಎತ್ತಿದ. ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಒಬ್ಬ ಮುದುಕ, ಬಾಯಲ್ಲಿ ಪೇಡೆ, ಇವನನ್ನು ನೋಡಿ ನಕ್ಕ. ಕ್ಯಾಮರಾ ಇಳಿಸಿಬಿಟ್ಟ. ತನ್ನ ಕೈಯಿಂದ ಆಗುವುದಿಲ್ಲ ಎಂದು ಅವನಿಗೆ ತಿಳಿಯಿತು. ತನ್ನ ಕೈಯಿಂದ ಆಗುವುದಿಲ್ಲ ಎನ್ನುವವರು ಬೇರೆಯವರ ಕೈ ಹುಡುಕುತ್ತಾರೆ. ಅದೇ ಸಂಜೆ ಸೋನಾಲಿಯ ಫೋನು ಬಂತು, ಇನ್ನೂ ಮಾರಿಲ್ಲ ತಾನೇ ಎಂದು.

ಭಾನುವಾರ ಅವಳು ಸೋಲಾಪುರದ ಬಸ್ಸಿನಲ್ಲಿ ಬಂದಳು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಬಿಸಿಲಿಗೆ ಮುಖಕ್ಕೆ ಸ್ಕಾರ್ಫ್ ಕಟ್ಟಿಕೊಂಡಿದ್ದಳು. ಮನೆಮಾತು ಕನ್ನಡವಾದರೂ ಅಂಗಡಿಯ ಕನ್ನಡ ಬೋರ್ಡು ಓದಲು ಬರುವುದಿಲ್ಲ ಎಂದು ತಾನೇ ನಕ್ಕಳು. ಕ್ಯಾಮರಾವನ್ನು ಕೂಸಿನಂತೆ ಎರಡೂ ಕೈಯಲ್ಲಿ ತೆಗೆದುಕೊಂಡಳು. ಒಳಗೆ ರೋಲಿದೆ, ಮೂವತ್ತನಾಲ್ಕು ಉಳಿದಿವೆ ಎಂದು ಕೇಳಿ ಅವಳ ಮುಖ ಅರಳಿತು. ಮೂರನೆಯ ಇಯತ್ತೆಯ ತನ್ನ ಮಕ್ಕಳಿಗೆ ಫಿಲ್ಮಿನಲ್ಲಿ ಒಂದೊಂದು ಫೋಟೋ ತೆಗೆಯುತ್ತೇನೆಂದು ಜೂನ್‌ನಿಂದ ಮಾತು ಕೊಟ್ಟಿದ್ದಳಂತೆ, ರೋಲು ಸಿಕ್ಕಿರಲಿಲ್ಲ. ಹಾಜರಿ ಪಟದಲ್ಲಿ ಮೂವತ್ತೆಂಟು ಹೆಸರಿದ್ದರೂ ನಾಲ್ಕು ಮಕ್ಕಳು ಕಬ್ಬು ಕಡಿಯುವ ಅಪ್ಪ ಅವ್ವನ ಹಿಂದೆ ಹೋಗಿದ್ದಾರೆ ಎಂದಳು.

ಯೋಗಿರಾಜನಿಗೆ ಬೇಡ ಎನ್ನಲು ಬಾಯಿತ್ತು. ಮಾರುವುದಿಲ್ಲ ಎಂಬ ಒಂದು ಮಾತು ಸಾಕಿತ್ತು. ಮೇಲಿನ ಕೋಣೆಯಲ್ಲಿ ಉಜ್ವಲಾ ಎರಡು ದಿನದಿಂದ ಅನ್ನ ನುಂಗಿರಲಿಲ್ಲ. ಕೈಕಾಲು ತಣ್ಣಗೆ, ಉಸಿರು ಕನ್ನಡಿ ಹಿಡಿದರಷ್ಟೇ ಕಾಣುವಂತೆ. ಅವನು ಬೇಡ ಎನ್ನಲಿಲ್ಲ. ಹಿಂದಿನ ಬಾಗಿಲು ತೆರೆಯಬೇಡಿ ಎಂದ. ಒಂದು ಮಗುವಿಗೆ ಒಂದೇ ಫೋಟೋ, ಎರಡನೆಯದು ಬರುವುದಿಲ್ಲ ಎಂದ. ಮುಖ ತುಂಬ ಬರುವಂತೆ ಹತ್ತಿರದಿಂದ ತೆಗೆಯಿರಿ ಎಂದ. ಎಂದು ತೆಗೆಯುತ್ತೀರಿ ಎಂದು ಕೇಳಿಕೊಂಡ. ಗುರುವಾರ ಹನ್ನೊಂದಕ್ಕೆ ಡ್ರಾಯಿಂಗ್ ಪೀರಿಯಡ್ ಎಂದು ಹೇಳಿ, ಇಷ್ಟು ಚೆನ್ನಾಗಿ ತಿಳಿಸಿಕೊಟ್ಟಿರಿ ಎಂದು ಕೈಮುಗಿದು ಹೋದಳು. ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಹೆಂಡತಿ ಹೋದಳು. ಇದು ಗೊತ್ತಿದ್ದು ಮಾಡಿದ್ದು.

ಗುರುವಾರ ಅಕ್ಕಲಕೋಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದರ್ಶನಕ್ಕೆ ಬಂದವರ ಜಯಕಾರ, ತಾಳ, ಹೂವಾಡಿಗರ ಕೂಗು ಬೆಳಗಿನಿಂದ ಬೀದಿ ತುಂಬಿತ್ತು. ಅವನು ಸ್ಟುಡಿಯೋ ತೆರೆಯಲಿಲ್ಲ. ಮೇಲಿನ ಕೋಣೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟು ಉಜ್ವಲಾಳ ಬಲಗೈ ತನ್ನ ಎರಡೂ ಕೈಯಲ್ಲಿ ಹಿಡಿದು ಕೂತ. ಬಾಗಿಲು ತೆರೆದೀತು, ಒಬ್ಬರಿಗೇ ದಾರಿ, ನಿನ್ನ ಹೆಸರು ಕರೆಯುತ್ತೇನೆ, ಬಂದುಬಿಡು ಎಂದು ಅವಳ ಕಿವಿಯಲ್ಲಿ ಹೇಳಿದ. ಎಲ್ಲ ಗೊತ್ತಿದ್ದ ಸುಮಿತ್ರಾಬಾಯಿ ಕೆಳಗೆ ದೇವರ ಮುಂದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅಳಿಯನಿಗೆ ಬೇಡವೆನ್ನಲಿಲ್ಲ. ಮಾಡು ಎಂದೂ ಅನ್ನಲಿಲ್ಲ.

ಹನ್ನೊಂದು ಹೊಡೆಯಿತು. ಹನ್ನೊಂದೂ ಹತ್ತು.

“ಯಾರೋ ಬಂದ್ರು,” ಎಂದಳು ಉಜ್ವಲಾ.

ಎರಡು ದಿನದ ಮೇಲೆ ಅವಳ ಬಾಯಿಂದ ಬಂದ ಮಾತು ಅದು. ಹುಳಿ ವಾಸನೆ ಕೋಣೆಯಲ್ಲಿ ಮೆಲ್ಲಗೆ ಏರಿತು. ಇನ್ನೊಬ್ಬ ಬಂದ ಎಂದಳು. ಇನ್ನೊಬ್ಬಾಕಿ. ಎಡಗೈ ತೆರೆದು ಗಾಳಿಯಲ್ಲಿ ತಡವಿತು, ಸಣ್ಣ ತಲೆಗಳನ್ನು ಮುಟ್ಟುವಂತೆ. ಬರ್ರಿ, ಹೆದರಬ್ಯಾಡ್ರಿ, ಇಲ್ಲೇ ಅದೀನಿ ಎನ್ನುತ್ತಿದ್ದಳು. ಅವನು ಹಿಡಿದ ಕೈ ಬೆಚ್ಚಗಾಗುತ್ತಿತ್ತು. ಒಂಬತ್ತು. ಹತ್ತು. ಅವಳ ಕೆನ್ನೆಗೆ ಬಣ್ಣ ಬರುತ್ತಿತ್ತು. ಹದಿಮೂರು. ಎಷ್ಟು ಸಣ್ಣಾವು, ಅಂಗಿ ಗುಂಡಿ ಹಾಕ್ಕೊಳ್ಳಾಕ ಬರವಲ್ದು ಎಂದಳು.

ಅವನಿಗೆ ತಡೆಯಲಾಗಲಿಲ್ಲ. ಒಂದು ಕೈ ಬಿಟ್ಟು ಫೋನು ತೆಗೆದ. ಸೋನಾಲಿಗೆ ಹಚ್ಚಿದ. ಗಂಟೆ ಬಡಿಯಿತು. ಎತ್ತಲಿಲ್ಲ. ಮತ್ತೆ ಹಚ್ಚಿದ. ಹದಿನೇಳು. ಹದಿನೆಂಟು. ಎತ್ತಿದಳು.

ಹಿಂದೆ ಮಕ್ಕಳ ಗದ್ದಲ. ಯಾರೋ ನಗುತ್ತಿದ್ದರು. ನನ್ನ ಪಾಳಿ, ನನ್ನ ಪಾಳಿ ಎಂದು ಮರಾಠಿಯಲ್ಲಿ ಜಗಳವಾಡುತ್ತಿದ್ದರು.

“ಸರ್, ಏನರೆ ಅಡಚಣ ಅದ ಏನ್ರಿ?” ಎಂದು ಸೋನಾಲಿ ಕೇಳಿದಳು.

ಯೋಗಿರಾಜ ಹೆಂಡತಿಯನ್ನು ನೋಡಿದ. ಅವಳ ಕಣ್ಣಾಲಿ ಅಲುಗಿತು. ಎಷ್ಟೋ ದಿನದ ಮೇಲೆ ಕಿಟಕಿಯ ಬೆಳಕಿಗೆ ರೆಪ್ಪೆ ಮುಚ್ಚಿಕೊಂಡಿತು.

“ಇಲ್ಲ,” ಎಂದ. “ತಗೀರಿ. ಎಲ್ಲಾರದೂ ತಗೀರಿ.”

ಫೋನು ಇಟ್ಟ. ಆಮೇಲೆ ಅವನು ಎಣಿಸುತ್ತ ಹೋದ. ಇಪ್ಪತ್ತು. ಇಪ್ಪತ್ತೊಂದು. ಬೀದಿಯಲ್ಲಿ ತಾಳ ಜೋರಾಯಿತು. ಇಪ್ಪತ್ತಾರು. ಉಜ್ವಲಾ ಮಾತಾಡುತ್ತಲೇ ಇದ್ದಳು. ಒಬ್ಬನ ಹೆಸರು ಕೇಳುತ್ತಿದ್ದಳು, ಒಬ್ಬಳ ಮೂಗು ಒರೆಸುತ್ತಿದ್ದಳು. ಮೂವತ್ತು. ಅವಳ ಉಸಿರು ಬಿಸಿಯಾಗಿತ್ತು. ಮೂವತ್ತೆರಡು. ಮೂವತ್ತಮೂರು. ಕಾದ. ಬರಲಿಲ್ಲ. ಕಾದ. ಇಷ್ಟೆಲ್ಲ ಮಾಡಿ ಒಂದರಲ್ಲಿ ಉಳಿಯಿತೇ? ಬೆವರು ಕಣ್ಣಿಗಿಳಿಯಿತು. ಬರಲಿ, ದೇವರೇ, ಇನ್ನೊಂದು ಬರಲಿ ಎಂದು ಬೇಡಿದ. ಒಂದು ಕೂಸಿಗಾಗಿ ಹಾಗೆ ಬೇಡಿದ್ದನ್ನು ಯಾವ ದೇವರು ಕೇಳಿಸಿಕೊಂಡನೋ.

ಬಂತು.

ಉಜ್ವಲಾ ಕಣ್ಣು ತೆರೆದಳು. ಅವನನ್ನು ನೋಡಿದಳು. ನಿಜವಾಗಿ ನೋಡಿದಳು, ಅವನ ಗಡ್ಡ, ಅವನ ಕೆಂಪು ಕಣ್ಣು. ಮ್ಲಾನವಾಗಿ ನಕ್ಕಳು. ಆಮೇಲೆ ಆ ನಗೆ ನಿಂತಿತು.

“ಇಷ್ಟ ಕೂಸಗೋಳನ್ನ ಇಲ್ಲಿ ಯಾರ ಕಳಿಸಿದ್ರು?” ಎಂದಳು.

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಹತ್ತು ವರ್ಷ ಒಟ್ಟಿಗೆ ಉಂಡವಳಿಗೆ ಮುಖ ಓದಲು ಎಷ್ಟು ಹೊತ್ತು ಬೇಕು?

“ಕಡೀಕ ಬಂದದ್ದು ಒಂದು ಹುಡುಗಿ,” ಎಂದಳು ಗಡಿಬಿಡಿಯಿಂದ. “ಎಲ್ಲಾರಕಿಂತ ಸಣ್ಣಾಕಿ. ಭಾಳ ಅಳಾಕತ್ತಾಳ. ಸುವರ್ಣಾ ಅಂತ ಹೆಸರ. ಆಕಿ ಹೆಸರ ಕರೀರಿ. ಒಬ್ಬಾಕಿನ್ನಾದ್ರೂ ಕರಕೋರಿ. ನಾ ಇವರ ಜೊತಿ ಇರ್ತೀನಿ.”

ಬೆಳಕು ಅವಳ ಕಣ್ಣಿನ ಅಂಚಿನಿಂದ ಕರಗತೊಡಗಿತ್ತು. ಬಾಗಿಲು ಮುಚ್ಚುತ್ತಿತ್ತು. ಒಂದು ಹೆಸರಿಗಷ್ಟೇ ಹೊತ್ತಿತ್ತು. ಅವನಿಗೆ ಆ ಹೆಸರು ಕೇಳಿಸಿತ್ತು. ಸ್ಪಷ್ಟವಾಗಿ ಕೇಳಿಸಿತ್ತು.

“ಉಜ್ವಲಾ,” ಎಂದು ಕರೆದ.

ಅವಳು ಬರಲಿಲ್ಲ. ಅವನು ಹಿಡಿದಿದ್ದ ಕೈಯನ್ನು, ಒಂದೊಂದೇ ಬೆರಳಾಗಿ, ತಾನೇ ಬಿಡಿಸಿಕೊಂಡಳು.